ಮಾಯಾ ಬೆಳೆಗಾರರ ಕಾಫಿ: ಮುದ್ರೆ ನೋಡಿ ಕೊಳ್ಳಬೇಕೋ, ಸಂಘದ ಹೆಸರು ನೋಡಿಯೋ?

ಅಮೆರಿಕದಲ್ಲೋ ಕೆನಡಾದಲ್ಲೋ ಜರ್ಮನಿಯಲ್ಲೋ ನೆಲೆಸಿರುವ ಕನ್ನಡಿಗರ ಮನೆಯಲ್ಲಿ ಊರಿನಿಂದ ತಂದ ಕಾಫಿಪುಡಿ ಒಂದಲ್ಲ ಒಂದು ದಿನ ಮುಗಿಯುತ್ತದೆ. ಆಗ ಅಲ್ಲಿನ ಅಂಗಡಿಯ ಕಪಾಟಿನ ಮುಂದೆ ನಿಲ್ಲಲೇಬೇಕು. ‘ಚಿಯಾಪಾಸ್’, ‘ಗ್ವಾಟೆಮಾಲಾ’, ‘ಮಾಯಾ ರೈತರು ಬೆಳೆದದ್ದು’ ಎಂದು ಬರೆದ ಪೊಟ್ಟಣಗಳು ಸಾಲಾಗಿ ಕಾಣುತ್ತವೆ. ಮಾಯಾ ಜನರೆಂದರೆ ದಕ್ಷಿಣ ಮೆಕ್ಸಿಕೋ ಮತ್ತು ಗ್ವಾಟೆಮಾಲಾ ಕಡೆಯ ಮೂಲನಿವಾಸಿಗಳು, ಚಿಯಾಪಾಸ್ ಮೆಕ್ಸಿಕೋದ ಒಂದು ರಾಜ್ಯ. ಒಂದರ ಮೇಲೆ ಫೇರ್‌ಟ್ರೇಡ್ ಮುದ್ರೆ, ಇನ್ನೊಂದರ ಮೇಲೆ ಕಪ್ಪೆಯ ಚಿತ್ರ, ಮತ್ತೊಂದರ ಮೇಲೆ ಮುದ್ರೆಯೇ ಇಲ್ಲ, ಬೆಳೆಗಾರರ ಸಂಘದ ಹೆಸರು ಮಾತ್ರ. ಬೆಲೆಯಲ್ಲಿ ಕೆಲವು ಡಾಲರ್‌ಗಳ ವ್ಯತ್ಯಾಸ. ರೈತರಿಗೆ ನ್ಯಾಯ ಸಿಗುತ್ತದೆ ಎಂಬ ಮಾತು ಎಲ್ಲದರ ಮೇಲೂ ಇದೆ.

ಯಾವುದನ್ನು ಕೊಳ್ಳಬೇಕು ಎಂದು ಕೇಳುವವರಿಗೆ ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಮೊದಲು ಬೆಳೆಗಾರರ ಸಂಘದ ಹೆಸರು ಹುಡುಕಿ, ಆಮೇಲೆ ಮುದ್ರೆ ನೋಡಿ. ಕನಿಷ್ಠ ಬೆಲೆ ಸಿಕ್ಕಿದೆಯೇ ಎಂಬ ಪ್ರಶ್ನೆಗೆ ಒಳ್ಳೆಯ ಮುದ್ರೆ ಉತ್ತರ ಕೊಡುತ್ತದೆ. ಬೆಳೆದವರು ತಮ್ಮ ಮನೆಯಲ್ಲಿ ನೆಮ್ಮದಿಯಿಂದ ಮಲಗುತ್ತಿದ್ದಾರೆಯೇ, ತಮ್ಮ ತೋಟಕ್ಕೆ ಹೆದರಿಕೆಯಿಲ್ಲದೆ ಹೋಗಿಬರುತ್ತಿದ್ದಾರೆಯೇ ಎಂಬುದಕ್ಕೆ ಯಾವ ಮುದ್ರೆಯಲ್ಲೂ ಉತ್ತರವಿಲ್ಲ. ಮಾಯಾ ಜನರ ಮಟ್ಟಿಗೆ ಈ ಎರಡನೆಯ ಪ್ರಶ್ನೆಯೇ ದೊಡ್ಡದು. ಅದಕ್ಕೆ ಚರಿತ್ರೆಯಲ್ಲಿ ಕಾರಣವಿದೆ.

ಕಾಫಿಗೂ ಮಾಯಾ ಜನರ ಸಂಕಟಕ್ಕೂ ಇರುವ ನಂಟು

ಗ್ವಾಟೆಮಾಲಾದಲ್ಲಿ 1871ರ ಉದಾರವಾದಿ ಕ್ರಾಂತಿಯ ನಂತರ ಬಂದ ಸರ್ಕಾರಗಳು ಕಾಫಿಯನ್ನೇ ದೇಶದ ಭವಿಷ್ಯವೆಂದು ನಂಬಿದವು. ಹುಸ್ತೊ ರುಫಿನೊ ಬಾರಿಯೊಸ್ ಅಧ್ಯಕ್ಷನಾಗಿದ್ದಾಗ ಮಾಯಾ ಸಮುದಾಯಗಳ ಸಾಮುದಾಯಿಕ ಜಮೀನು ತೋಟಗಾರರ ಕೈಸೇರಿತು. ಜಮೀನು ಕಳೆದುಕೊಂಡವರನ್ನು ಕಾನೂನಿನ ಬಲದಿಂದಲೇ ತೋಟದ ಕೂಲಿಗೆ ಎಳೆದು ತರಲಾಯಿತು. ಮುಂಗಡ ಹಣ ಕೊಟ್ಟು ಸಾಲದಲ್ಲಿ ಸಿಲುಕಿಸುವುದು, ಸಾಲ ತೀರುವವರೆಗೆ ದುಡಿಸುವುದು, ತೀರದಂತೆ ಲೆಕ್ಕ ಬರೆಯುವುದು ನಡೆಯಿತು. ನಮ್ಮಲ್ಲಿ ಜೀತ ಎನ್ನುವುದು ಇದನ್ನೇ. ಗಡಿಯಾಚೆ ಮೆಕ್ಸಿಕೋದ ಚಿಯಾಪಾಸ್‌ನಲ್ಲೂ ಮಲೆನಾಡಿನ ತ್ಸೊತ್ಸಿಲ್, ತ್ಸೆಲ್ತಾಲ್ ಎಂಬ ಮಾಯಾ ಜನರನ್ನು ಸೊಕೊನುಸ್ಕೊ ಕರಾವಳಿಯ ದೊಡ್ಡ ತೋಟಗಳಿಗೆ ಮೇಸ್ತ್ರಿಗಳು ಹೀಗೆಯೇ ಸಾಗಿಸುತ್ತಿದ್ದರು. ಆ ತೋಟಗಳಲ್ಲಿ ಹಲವು ಜರ್ಮನ್ ಒಡೆಯರವು.

ಗ್ವಾಟೆಮಾಲಾದಲ್ಲಿ 1960ರಿಂದ 1996ರವರೆಗೆ ಅಂತರ್ಯುದ್ಧ ನಡೆಯಿತು. ವಿಶ್ವಸಂಸ್ಥೆಯ ಬೆಂಬಲದ ಸತ್ಯಶೋಧನಾ ಆಯೋಗ 1999ರಲ್ಲಿ ವರದಿ ಕೊಟ್ಟಿತು. ಸತ್ತವರು ಮತ್ತು ಕಣ್ಮರೆಯಾದವರು 2 ಲಕ್ಷಕ್ಕೂ ಹೆಚ್ಚು, ಗುರುತು ಸಿಕ್ಕವರಲ್ಲಿ ಶೇ. 83ರಷ್ಟು ಜನ ಮಾಯಾ ಮೂಲದವರು, ದಾಖಲಾದ ಹಿಂಸೆಯಲ್ಲಿ ಶೇ. 93ರಷ್ಟಕ್ಕೆ ಸರ್ಕಾರದ ಸೇನೆ ಮತ್ತು ಅದರ ಕೈಕೆಳಗಿನ ಪಡೆಗಳೇ ಹೊಣೆ ಎಂದು ಅದು ಹೇಳಿತು. ಅದಕ್ಕೂ ಮುನ್ನ 1998ರ ಏಪ್ರಿಲ್‌ನಲ್ಲಿ ಚರ್ಚಿನ ಪರವಾಗಿ ಇಂಥದ್ದೇ ವರದಿ ಬಿಡುಗಡೆ ಮಾಡಿದ ಬಿಷಪ್ ಹುವಾನ್ ಹೆರಾರ್ದಿಯವರನ್ನು ಎರಡೇ ದಿನಗಳಲ್ಲಿ ಕೊಂದುಹಾಕಿದರು. ಇಂದು ಚೀಲದ ಮೇಲೆ ‘ಚಾಹುಲ್’ ಎಂಬ ಹೆಸರಿನೊಂದಿಗೆ ಬರುವ ಕಾಫಿ ಬೆಳೆಯುವುದು ಇಶಿಲ್ ಎಂಬ ಮಾಯಾ ಜನರ ನಾಡಿನಲ್ಲಿ. ಆ ನಾಡಿನ ಹಳ್ಳಿಗಳಲ್ಲಿ ಶೇ. 70ರಿಂದ 90ರಷ್ಟನ್ನು ಸೇನೆ ನೆಲಸಮ ಮಾಡಿತ್ತು. 2013ರ ಮೇ ತಿಂಗಳಲ್ಲಿ ಮಾಜಿ ಸರ್ವಾಧಿಕಾರಿ ರಿಯೋಸ್ ಮೋಂತ್‌ಗೆ ಇಶಿಲ್ ಜನರ ನರಮೇಧಕ್ಕಾಗಿ ಶಿಕ್ಷೆಯಾಯಿತು. ಹತ್ತೇ ದಿನದಲ್ಲಿ ಸಾಂವಿಧಾನಿಕ ನ್ಯಾಯಾಲಯ ಆ ತೀರ್ಪನ್ನು ರದ್ದುಮಾಡಿತು.

ಇದೆಲ್ಲದರ ಜೊತೆಗೆ ಬೆಲೆಯ ಪೆಟ್ಟೂ ಇತ್ತು. ಬೆಲೆ ಕುಸಿಯದಂತೆ ರಫ್ತಿಗೆ ಮಿತಿ ಹಾಕುತ್ತಿದ್ದ, ಕಾಫಿ ಬೆಳೆಯುವ ಮತ್ತು ಕೊಳ್ಳುವ ದೇಶಗಳ ನಡುವಿನ ಕೋಟಾ ಒಪ್ಪಂದ 1989ರ ಜುಲೈನಲ್ಲಿ ಮುರಿದುಬಿತ್ತು. ಮೆಕ್ಸಿಕೋ ಸರ್ಕಾರ ಸಣ್ಣ ಬೆಳೆಗಾರರಿಂದ ಕಾಫಿ ಕೊಳ್ಳುತ್ತಿದ್ದ ತನ್ನ ಸಂಸ್ಥೆಯನ್ನು ಅದೇ ಹೊತ್ತಿಗೆ ಮುಚ್ಚತೊಡಗಿತು. 2001ರ ಹೊತ್ತಿಗೆ ನ್ಯೂಯಾರ್ಕ್ ಮಾರುಕಟ್ಟೆಯಲ್ಲಿ ಒಂದು ಪೌಂಡ್ ಅರೇಬಿಕಾ 50 ಸೆಂಟ್‌ಗಿಂತ ಕೆಳಗಿಳಿದಿತ್ತು. ಆ ವರ್ಷಗಳಲ್ಲಿ ಕೊಡಗು, ಚಿಕ್ಕಮಗಳೂರಿನ ಬೆಳೆಗಾರರು ಬ್ಯಾಂಕ್ ಸಾಲದಡಿ ನಲುಗಿದ್ದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕುಸಿತ ಒಂದೇ, ಆದರೆ ಚಿಯಾಪಾಸ್‌ನ ಬೆಳೆಗಾರನ ಬಳಿ ಇದ್ದದ್ದು ಒಂದೆರಡು ಹೆಕ್ಟೇರ್ ಮಾತ್ರ.

ಫೇರ್‌ಟ್ರೇಡ್ ಇಂಟರ್‌ನ್ಯಾಷನಲ್: ಕನಿಷ್ಠ ಬೆಲೆಯ ಖಾತರಿ

ಈ ಮುದ್ರೆಯ ಬೇರು ಮೆಕ್ಸಿಕೋದಲ್ಲೇ ಇದೆ. ವಾಹಾಕಾ ರಾಜ್ಯದ ಊಸಿರಿ ಎಂಬ ಸಂಘದ ಬೆಳೆಗಾರರೊಂದಿಗೆ ಕೆಲಸ ಮಾಡುತ್ತಿದ್ದ ಡಚ್ ಪಾದ್ರಿ ಫ್ರಾನ್ಸ್ ವಾನ್ ಡರ್ ಹಾಫ್ ಮತ್ತು ನೆದರ್ಲೆಂಡ್ಸ್‌ನ ನಿಕೊ ರೋಜನ್ ಸೇರಿ 1988ರಲ್ಲಿ ಮ್ಯಾಕ್ಸ್ ಹ್ಯಾವೆಲಾರ್ ಮುದ್ರೆಯನ್ನು ಆರಂಭಿಸಿದರು. ಊಸಿರಿಯ ಬೆಳೆಗಾರರಲ್ಲಿ ಹೆಚ್ಚಿನವರು ಜಪೋಟೆಕ್ ಜನ, ಮಾಯಾ ಜನರಲ್ಲ. ಆದರೆ ಅವರು ಹಾಕಿಕೊಟ್ಟ ದಾರಿಯಲ್ಲೇ ಚಿಯಾಪಾಸ್‌ನ ಮಾಯಾ ಸಂಘಗಳೂ ನಡೆದವು.

ಕಾಫಿಯ ವಿಷಯದಲ್ಲಿ ಈ ಮುದ್ರೆ ಸಣ್ಣ ಬೆಳೆಗಾರರ ಸಂಘಗಳಿಗೆ ಮಾತ್ರ ಸಿಗುತ್ತದೆ, ದೊಡ್ಡ ಎಸ್ಟೇಟ್‌ಗೆ ಸಿಗುವುದಿಲ್ಲ. ಪಲ್ಪ್ ಮಾಡಿ ತೊಳೆದ ಅರೇಬಿಕಾಕ್ಕೆ 2023ರ ಆಗಸ್ಟ್‌ನಿಂದ ಕನಿಷ್ಠ ಬೆಲೆ ಪೌಂಡಿಗೆ 1.80 ಡಾಲರ್. ಸಾವಯವ ಕಾಫಿಯಾದರೆ ಇನ್ನೂ 40 ಸೆಂಟ್ ಸೇರುತ್ತದೆ. ಇದರ ಮೇಲೆ 20 ಸೆಂಟ್ ಪ್ರೀಮಿಯಂ ಸಂಘಕ್ಕೆ ಹೋಗುತ್ತದೆ, ಅದನ್ನು ಯಾವುದಕ್ಕೆ ಖರ್ಚು ಮಾಡಬೇಕೆಂದು ಸದಸ್ಯರೇ ಸಭೆಯಲ್ಲಿ ತೀರ್ಮಾನಿಸುತ್ತಾರೆ. ಮಾರುಕಟ್ಟೆ ಬೆಲೆ ಕನಿಷ್ಠ ಬೆಲೆಗಿಂತ ಮೇಲೇರಿದರೆ ಮಾರುಕಟ್ಟೆ ಬೆಲೆಯನ್ನೇ ಕೊಡಬೇಕು. ಸಂಘ ಕೇಳಿದರೆ ಖರೀದಿದಾರ ಒಪ್ಪಂದದ ಮೊತ್ತದ ಶೇ. 60ರವರೆಗೆ ಮುಂಗಡ ಒದಗಿಸಬೇಕು. ಈ ಮುಂಗಡದ ನಿಯಮ ಪೊಟ್ಟಣದ ಮೇಲೆ ಎಲ್ಲೂ ಕಾಣುವುದಿಲ್ಲ. ಬೆಳೆಗಾರರ ಕಡೆಯಿಂದ ನೋಡಿದರೆ ಬಹುಶಃ ಇದೇ ಎಲ್ಲಕ್ಕಿಂತ ಬೆಲೆಬಾಳುವ ಅಂಶ.

ಏಕೆಂದರೆ ಚಿಯಾಪಾಸ್‌ನ ಮಲೆನಾಡಿನಲ್ಲಿ ಕೊಯ್ಲಿನ ಕಾಲವೆಂದರೆ ಮನೆಯಲ್ಲಿ ಕಾಸಿಲ್ಲದ ಕಾಲವೂ ಹೌದು. ನೆರಳುಮರಗಳ ಕೆಳಗೆ ಇಡೀ ಸಂಸಾರ ಹಣ್ಣು ಕೊಯ್ಯುತ್ತದೆ. ಸಂಜೆ ಕೈಯಿಂದ ತಿರುಗಿಸುವ ಪಲ್ಪರ್‌ಗೆ ಸುರಿದು ಸಿಪ್ಪೆ ಬಿಡಿಸುತ್ತಾರೆ, ರಾತ್ರಿಯಿಡೀ ಹುಳಿಯಲು ಬಿಟ್ಟು ಬೆಳಿಗ್ಗೆ ತೊಳೆಯುತ್ತಾರೆ, ಸಿಮೆಂಟಿನ ಕಣದಲ್ಲಿ ಹರಡಿ ಒಣಗಿಸುತ್ತಾರೆ. ಪಾರ್ಚ್‌ಮೆಂಟ್, ಅಂದರೆ ಒಳಸಿಪ್ಪೆ ಇರುವ ಬೀಜ, ಇನ್ನೂ ಪೂರ್ತಿ ಒಣಗುವ ಮುನ್ನವೇ ಪಿಕಪ್ ಗಾಡಿಯಲ್ಲಿ ದಲ್ಲಾಳಿ ಬಂದು ನಿಲ್ಲುತ್ತಾನೆ. ಅಲ್ಲಿ ಅವನಿಗೆ ‘ಕಯೋಟೆ’ ಎನ್ನುತ್ತಾರೆ. ಅವನ ಕೈಯಲ್ಲಿ ನಗದು ಇರುತ್ತದೆ, ತಕ್ಕಡಿಯೂ ಅವನದೇ. ಮಗುವಿಗೆ ಜ್ವರ ಬಂದಿದ್ದರೆ, ಅಂಗಡಿ ಸಾಲ ಬೆಳೆದಿದ್ದರೆ, ಅವನು ಹೇಳಿದ ಬೆಲೆಯೇ ಬೆಲೆ. ಸಂಘದ ಗೋದಾಮಿನಲ್ಲಿ ನಡೆಯುವುದು ಬೇರೆ. ತೇವಾಂಶ ಪರೀಕ್ಷಿಸುತ್ತಾರೆ, ಎಲ್ಲರ ಕಣ್ಣೆದುರು ತೂಗುತ್ತಾರೆ, ರಸೀದಿ ಕೊಡುತ್ತಾರೆ, ಒಂದು ಪಾಲು ಹಣವನ್ನು ಅಂದೇ ಕೊಟ್ಟು ಉಳಿದದ್ದನ್ನು ರಫ್ತಾದ ಮೇಲೆ ಕೊಡುತ್ತಾರೆ. ಅಂದು ಕೊಡುವ ಆ ಮೊದಲ ಪಾಲು ಖರೀದಿದಾರನ ಮುಂಗಡದಿಂದ ಬರಬೇಕು. ಮುಂಗಡ ಬಾರದಿದ್ದರೆ ಎಂಥ ನಿಷ್ಠಾವಂತ ಸದಸ್ಯನೂ ದಲ್ಲಾಳಿಯತ್ತ ನೋಡುತ್ತಾನೆ.

ಇನ್ನು ಈ ಮುದ್ರೆಯ ಮಿತಿ. ಒಂದು ಲೆಕ್ಕ ಹಾಕೋಣ. 340 ಗ್ರಾಂ ಹುರಿದ ಬೀಜಕ್ಕೆ ಸುಮಾರು 400 ಗ್ರಾಂ ಹಸಿ ಬೀಜ ಬೇಕು, ಅಂದರೆ 0.9 ಪೌಂಡಿನಷ್ಟು. ಸಾವಯವ ಕಾಫಿಯ ಕನಿಷ್ಠ ಬೆಲೆ, ಪ್ರೀಮಿಯಂ ಎಲ್ಲ ಕೂಡಿಸಿದರೂ ಪೌಂಡಿಗೆ 2.40 ಡಾಲರ್. ನೀವು 16 ಡಾಲರ್ ಕೊಟ್ಟು ಕೊಂಡ ಪೊಟ್ಟಣದಲ್ಲಿ ಖಾತರಿಯಾಗಿ ಸಂಘಕ್ಕೆ ತಲುಪುವುದು ಸುಮಾರು 2.15 ಡಾಲರ್. ಅದು ಕೂಡ ಹಡಗಿಗೆ ಏರಿಸುವ ಹಂತದ ಬೆಲೆ. ಸಿಪ್ಪೆ ತೆಗೆಯುವ ಗಿರಣಿ, ಲಾರಿ ಬಾಡಿಗೆ, ಕಚೇರಿ, ತಪಾಸಣೆಯ ಶುಲ್ಕ ಎಲ್ಲ ಕಳೆದ ಮೇಲೆ ಉಳಿದದ್ದು ಮನೆಗೆ. ಜೊತೆಗೆ, ಸಂಘ ಬೆಳೆದದ್ದೆಲ್ಲಕ್ಕೂ ಫೇರ್‌ಟ್ರೇಡ್ ಖರೀದಿದಾರ ಸಿಗುವುದಿಲ್ಲ, ಉಳಿದದ್ದನ್ನು ಸಾಮಾನ್ಯ ಬೆಲೆಗೇ ಮಾರಬೇಕಾಗುತ್ತದೆ. ಇಷ್ಟಾದರೂ ನಾನು ಈ ಮುದ್ರೆಯನ್ನು ಹಗುರವಾಗಿ ಕಾಣುವುದಿಲ್ಲ. 2001ರ ಕುಸಿತದಲ್ಲಿ ಮಾರುಕಟ್ಟೆ 50 ಸೆಂಟ್ ಕೂಡ ಕೊಡದಿದ್ದಾಗ ಫೇರ್‌ಟ್ರೇಡ್ ಬೆಲೆ 1.26 ಡಾಲರ್ ಇತ್ತು. ಸಂಘಗಳು ಉಳಿದುಕೊಂಡದ್ದರಲ್ಲಿ ಅದರ ಪಾಲು ದೊಡ್ಡದು.

ಮಾರುಕಟ್ಟೆ ಏರಿದಾಗ ಬೇರೆಯೇ ತೊಂದರೆ. 2025ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ಬೆಲೆ ಪೌಂಡಿಗೆ 4 ಡಾಲರ್ ದಾಟಿತು. ಅಂಥ ವರ್ಷದಲ್ಲಿ ಕನಿಷ್ಠ ಬೆಲೆಯ ಮಾತೇ ಬರುವುದಿಲ್ಲ. ದಲ್ಲಾಳಿ ಮನೆ ಬಾಗಿಲಿಗೇ ಒಳ್ಳೆಯ ನಗದು ತರುವಾಗ ಸದಸ್ಯರನ್ನು ಹಿಡಿದಿಟ್ಟುಕೊಳ್ಳುವುದೇ ಸಂಘಕ್ಕೆ ಹೋರಾಟವಾಗುತ್ತದೆ. ಹಳೆಯ ಸಂಬಂಧ, ಸಕಾಲಕ್ಕೆ ಮುಂಗಡ ಕೊಡುವ ಖರೀದಿದಾರ ಇದ್ದ ಸಂಘಗಳು ಮಾತ್ರ ಅಂಥ ಕಾಲದಲ್ಲಿ ಗಟ್ಟಿಯಾಗಿ ನಿಲ್ಲುತ್ತವೆ.

ಫೇರ್ ಟ್ರೇಡ್ ಯುಎಸ್‌ಎ: ಹೆಸರು ಹತ್ತಿರ, ನಿಯಮ ದೂರ

ಅಮೆರಿಕದಲ್ಲಿ ಇರುವವರು ಇಲ್ಲಿ ಎಚ್ಚರ ವಹಿಸಬೇಕು. ಈ ಸಂಸ್ಥೆ 2011ರ ಕೊನೆಗೆ ಅಂತಾರಾಷ್ಟ್ರೀಯ ಒಕ್ಕೂಟದಿಂದ ಹೊರಬಂದಿತು. ಕಾಫಿಯಲ್ಲಿ ದೊಡ್ಡ ಎಸ್ಟೇಟ್‌ಗಳಿಗೂ ಮುದ್ರೆ ಕೊಡಬೇಕು ಎಂಬುದು ಜಗಳದ ಮೂಲ. ತೋಟದ ಕೂಲಿಗಳಿಗೂ ನ್ಯಾಯ ಸಿಗಬೇಡವೇ ಎಂಬ ಅವರ ವಾದದಲ್ಲಿ ಹುರುಳಿದೆ, ಕೂಲಿಗಳಲ್ಲೂ ಮಾಯಾ ಜನರೇ ಹೆಚ್ಚು. ಆದರೆ ಒಂದು ಹೆಕ್ಟೇರ್ ಇರುವ ಕುಟುಂಬವೂ ನೂರಾರು ಹೆಕ್ಟೇರ್‌ನ ಒಡೆಯನೂ ಒಂದೇ ಮುದ್ರೆಯಡಿ ಒಂದೇ ಕಪಾಟಿನಲ್ಲಿ ಪೈಪೋಟಿ ಮಾಡಬೇಕಾದಾಗ ಯಾರು ಗೆಲ್ಲುತ್ತಾರೆಂಬುದು ಗೊತ್ತಿರುವ ವಿಷಯ. ಯಾರ ಪೂರ್ವಿಕರ ಜಮೀನು ಕಸಿದು ಆ ಎಸ್ಟೇಟ್‌ಗಳು ಎದ್ದವೋ ಅವರಿಗೆ ಬೆಂಬಲವಾಗಲೆಂದು ನೀವು ಕಾಫಿ ಕೊಳ್ಳುತ್ತಿದ್ದರೆ, ಈ ಮುದ್ರೆಯೊಂದೇ ಸಾಲದು. ಪೊಟ್ಟಣವನ್ನು ತಿರುಗಿಸಿ ಸಂಘದ ಹೆಸರು ಇದೆಯೇ ನೋಡಿ.

ಎಸ್‌ಪಿಪಿ: ಬೆಳೆಗಾರರೇ ಒಡೆಯರಾದ ಮುದ್ರೆ

ಲ್ಯಾಟಿನ್ ಅಮೆರಿಕದ ಸಣ್ಣ ಬೆಳೆಗಾರರ ಒಕ್ಕೂಟ 2006ರಲ್ಲಿ ತನ್ನದೇ ಚಿಹ್ನೆಯನ್ನು ಹೊರತಂದಿತು. ‘ಸಣ್ಣ ಉತ್ಪಾದಕರ ಚಿಹ್ನೆ’ ಎಂದು ಅದರ ಹೆಸರು, ಸ್ಪ್ಯಾನಿಷ್‌ನ ಮೊದಲಕ್ಷರಗಳಲ್ಲಿ ಎಸ್‌ಪಿಪಿ. ನಿಯಮ ಬರೆಯುವವರೂ ಬೆಲೆ ನಿಗದಿ ಮಾಡುವವರೂ ಯುರೋಪಿನ ಕಚೇರಿಯವರಲ್ಲ, ಬೆಳೆಗಾರರ ಸಂಘಗಳೇ. ಎಸ್ಟೇಟ್‌ಗಳಿಗೆ ಪ್ರವೇಶವಿಲ್ಲ, ಸದಸ್ಯರ ಹಿಡುವಳಿಗೂ ಮಿತಿ ಇದೆ. ಅಮೆರಿಕದಲ್ಲಿ ಇದನ್ನು ಬಳಸಿದ ಕಂಪನಿಗಳಲ್ಲೊಂದು 1986ರಲ್ಲಿ ಹುಟ್ಟಿದ, ನೌಕರರೇ ಮಾಲೀಕರಾಗಿರುವ ಈಕ್ವಲ್ ಎಕ್ಸ್‌ಚೇಂಜ್. ಮುದ್ರೆಗಳ ಪೈಕಿ ನನ್ನ ಮೊದಲ ಆಯ್ಕೆ ಇದು. ದೊಡ್ಡ ಸೂಪರ್ ಮಾರ್ಕೆಟ್‌ಗಳಲ್ಲಿ ಅಪರೂಪ, ಸಹಕಾರಿ ಅಂಗಡಿಗಳಲ್ಲಿ ಹುಡುಕಿದರೆ ಸಿಗುತ್ತದೆ.

ಕಪ್ಪೆ, ಹಕ್ಕಿ, ಸಾವಯವ

ಇವುಗಳ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಕಪ್ಪೆಯ ಚಿತ್ರದ ರೇನ್‌ಫಾರೆಸ್ಟ್ ಅಲೈಯನ್ಸ್ 2018ರಲ್ಲಿ ಉಟ್ಜ್ ಎಂಬ ಮುದ್ರೆಯನ್ನೂ ತನ್ನೊಳಗೆ ಸೇರಿಸಿಕೊಂಡಿತು. ಇದರಲ್ಲಿ ಕನಿಷ್ಠ ಬೆಲೆ ಇಲ್ಲ, ಎಸ್ಟೇಟ್‌ಗಳಿಗೂ ಮುದ್ರೆ ಸಿಗುತ್ತದೆ. ಸ್ಮಿತ್‌ಸೋನಿಯನ್ ಸಂಸ್ಥೆಯ ಹಕ್ಕಿಸ್ನೇಹಿ ಮುದ್ರೆ ಕಾಡಿನ ಮಟ್ಟಿಗೆ ಬಲು ಕಟ್ಟುನಿಟ್ಟು, ಸಾವಯವವೂ ಆಗಿರಬೇಕು, ನೆರಳೂ ಇರಬೇಕು. ಮಾಯಾ ಸಣ್ಣ ಬೆಳೆಗಾರರ ತೋಟಗಳು ಸಹಜವಾಗಿಯೇ ನೆರಳಿನ ತೋಟಗಳಾದ್ದರಿಂದ ಅವರಿಗೆ ಇದು ಹೊಂದುತ್ತದೆ. ಆದರೆ ಮರ ಉಳಿದಿದೆ ಎಂದು ಹೇಳುವ ಮುದ್ರೆಯಿಂದ ಮನುಷ್ಯನ ಸುದ್ದಿ ತಿಳಿಯುವುದಿಲ್ಲ. ಮಾನವ ಹಕ್ಕಿನ ಕಾಳಜಿಯಿಂದ ಕೊಳ್ಳುವವರು ಇವನ್ನು ಹೆಚ್ಚುವರಿ ಗುಣವಾಗಿ ನೋಡಿದರೆ ಸಾಕು.

ಕಂಪನಿಯ ಸ್ವಂತ ಭರವಸೆ ಮತ್ತು ‘ನೇರ ಖರೀದಿ’

ದೊಡ್ಡ ಕಂಪನಿಗಳು ತಮ್ಮದೇ ಮಾನದಂಡ ಬರೆದುಕೊಂಡು ತಮ್ಮದೇ ಚಿಹ್ನೆ ಹಾಕಿಕೊಳ್ಳುತ್ತವೆ. 2020ರಲ್ಲಿ ಬ್ರಿಟನ್ನಿನ ಚಾನೆಲ್ 4 ವಾಹಿನಿ ಗ್ವಾಟೆಮಾಲಾದಲ್ಲಿ ಸ್ಟಾರ್‌ಬಕ್ಸ್ ಮತ್ತು ನೆಸ್ಪ್ರೆಸೊಗೆ ಕಾಫಿ ಒದಗಿಸುವ ತೋಟಗಳಲ್ಲಿ ಹದಿಮೂರು ತುಂಬದ ಮಕ್ಕಳು ದುಡಿಯುತ್ತಿರುವುದನ್ನು ತೋರಿಸಿತು. ಎರಡೂ ಕಂಪನಿಗಳಿಗೆ ತಮ್ಮದೇ ಆದ ನೈತಿಕ ಖರೀದಿಯ ಕಾರ್ಯಕ್ರಮಗಳಿದ್ದವು. ತಪಾಸಣೆಯ ಹೊಣೆ ಕೊಳ್ಳುವವನ ಕೈಯಲ್ಲೇ ಇದ್ದರೆ ಇಂಥವು ಕಣ್ಣು ತಪ್ಪುವುದು ಸುಲಭ.

ಸಣ್ಣ ಹುರಿಯುವ ಅಂಗಡಿಗಳ ‘ಡೈರೆಕ್ಟ್ ಟ್ರೇಡ್’ ಬೇರೆ ಬಗೆಯದು. ಇದಕ್ಕೆ ಒಪ್ಪಿತ ವ್ಯಾಖ್ಯೆಯಾಗಲಿ ಹೊರಗಿನ ತಪಾಸಣೆಯಾಗಲಿ ಇಲ್ಲ. ಕೆಲವರು ನಿಜವಾಗಿಯೂ ಫೇರ್‌ಟ್ರೇಡ್‌ಗಿಂತ ಎಷ್ಟೋ ಹೆಚ್ಚು ಬೆಲೆ ಕೊಡುತ್ತಾರೆ. ಇನ್ನು ಕೆಲವರಿಗೆ ಅದು ಬೆಳೆಗಾರನ ಫೋಟೋ ಹಾಕಲು ಒಂದು ನೆಪ. ಪ್ರತ್ಯೇಕಿಸುವ ದಾರಿ ಸರಳ: ಕೊಟ್ಟ ಬೆಲೆಯನ್ನು ಬಹಿರಂಗಪಡಿಸುತ್ತಾರೆಯೇ? ಅಮೆರಿಕ ಮತ್ತು ಕೆನಡಾದ ಸಣ್ಣ ಹುರಿಯುವವರು 1999ರಲ್ಲಿ ಕಟ್ಟಿಕೊಂಡ ಕೋಆಪರೇಟಿವ್ ಕಾಫೀಸ್ ಎಂಬ ಆಮದು ಸಹಕಾರ ಸಂಘ ತನ್ನ ಖರೀದಿಯ ದಾಖಲೆಗಳನ್ನು ಅಂತರ್ಜಾಲದಲ್ಲಿ ತೆರೆದಿಟ್ಟಿತು. ಯಾವ ಸಂಘದಿಂದ ಕೊಂಡರು, ಎಷ್ಟು ಬೆಲೆ ಕೊಟ್ಟರು ಎಂಬುದನ್ನು ಕೊಳ್ಳುವವರೂ ನೋಡುವಂತಾಯಿತು. ಇಷ್ಟು ತೆರೆದ ಮನಸ್ಸು ಇರುವ ಕಡೆ ಮುದ್ರೆ ಇಲ್ಲದಿದ್ದರೂ ನಾನು ನಂಬುತ್ತೇನೆ.

ಒಗ್ಗಟ್ಟಿನ ಕಾಫಿ: ಮಾಯಾ ವಿನಿಕ್, ಸಪಾಟಿಸ್ತಾ, ಕೆಫೆ ಹುಸ್ತಿಸಿಯಾ

ಇಲ್ಲಿ ಕೊಳ್ಳುವುದು ಕಾಫಿಯ ಜೊತೆಗೆ ಒಂದು ಸಂಬಂಧವನ್ನು.

ಚಿಯಾಪಾಸ್‌ನ ಚೆನಾಲೋ ತಾಲೂಕಿನಲ್ಲಿ 1992ರಲ್ಲಿ ಲಾಸ್ ಅಬೇಹಾಸ್ ಎಂಬ ತ್ಸೊತ್ಸಿಲ್ ಸಂಘಟನೆ ಹುಟ್ಟಿತು. 1994ರ ಜನವರಿ 1ರಂದು ಸಪಾಟಿಸ್ತಾಗಳು, ಅಂದರೆ ಜಮೀನು ಮತ್ತು ಸ್ವಾಯತ್ತತೆಗಾಗಿ ಹೋರಾಡುವ ಚಿಯಾಪಾಸ್‌ನ ಮೂಲನಿವಾಸಿಗಳ ಸಶಸ್ತ್ರ ಸಂಘಟನೆಯವರು, ಬಂಡೆದ್ದಾಗ ಇವರು ಬೇಡಿಕೆಗಳನ್ನು ಒಪ್ಪಿದರು, ಬಂದೂಕನ್ನು ಒಪ್ಪಲಿಲ್ಲ. ಅಹಿಂಸೆ, ಉಪವಾಸ, ಪ್ರಾರ್ಥನೆ ಇವರ ದಾರಿ. 1997ರಲ್ಲಿ ಅರೆಸೈನಿಕ ಗುಂಪುಗಳ ಕಾಟ ತಾಳಲಾರದೆ ಅನೇಕ ಕುಟುಂಬಗಳು ಮನೆಬಿಟ್ಟು ಆಕ್ತೆಆಲ್ ಎಂಬ ಹಳ್ಳಿಯಲ್ಲಿ ಆಶ್ರಯ ಪಡೆದವು. ಬಿಟ್ಟುಬಂದ ತೋಟಗಳಲ್ಲಿ ಹಣ್ಣಾದ ಕಾಫಿಯನ್ನು ಬೇರೆಯವರು ಕೊಯ್ದುಕೊಂಡು ಹೋದರು. ಡಿಸೆಂಬರ್ 22ರಂದು ಅರೆಸೈನಿಕ ಗುಂಪಿನವರು ಪ್ರಾರ್ಥನೆಯಲ್ಲಿದ್ದವರ ಮೇಲೆ ಗುಂಡಿನ ಮಳೆಗರೆದರು. ಗಂಟೆಗಟ್ಟಲೆ ನಡೆದ ಆ ದಾಳಿಯಲ್ಲಿ 45 ಜನ ಸತ್ತರು. ಅವರಲ್ಲಿ 21 ಹೆಂಗಸರು, 15 ಮಕ್ಕಳು. ಸಮೀಪದಲ್ಲೇ ಇದ್ದ ಪೊಲೀಸರು ತಡೆಯಲಿಲ್ಲ. ಶಿಕ್ಷೆಗೊಳಗಾದವರಲ್ಲಿ ಹಲವರನ್ನು ವಿಚಾರಣೆಯ ಲೋಪಗಳ ಕಾರಣ ಕೊಟ್ಟು ಸುಪ್ರೀಂ ಕೋರ್ಟ್ 2009ರಿಂದ ಬಿಡುಗಡೆ ಮಾಡುತ್ತ ಬಂದಿತು. 2020ರಲ್ಲಿ ಮೆಕ್ಸಿಕೋ ಸರ್ಕಾರ ಬಹಿರಂಗವಾಗಿ ಕ್ಷಮೆ ಕೇಳಿ ಬದುಕುಳಿದವರಲ್ಲಿ ಒಂದು ಗುಂಪಿನೊಂದಿಗೆ ರಾಜಿ ಮಾಡಿಕೊಂಡಿತು. ಹಣಕ್ಕಿಂತ ಮೊದಲು ಸತ್ಯ ಹೊರಬರಲಿ ಎಂದು ಲಾಸ್ ಅಬೇಹಾಸ್ ಸಂಘಟನೆ ಅದರಿಂದ ದೂರ ಉಳಿಯಿತು. ಪ್ರತಿ ತಿಂಗಳ 22ರಂದು ಇವತ್ತಿಗೂ ಅವರು ಸತ್ತವರನ್ನು ನೆನೆದು ಸೇರುತ್ತಾರೆ.

ಆ ಘಟನೆಯ ನಂತರ, 1999ರಲ್ಲಿ, ಹೆಚ್ಚಾಗಿ ಲಾಸ್ ಅಬೇಹಾಸ್ ಕುಟುಂಬಗಳೇ ಸೇರಿ ಕಟ್ಟಿದ ಕಾಫಿ ಸಂಘ ಮಾಯಾ ವಿನಿಕ್. ಅಮೆರಿಕದಲ್ಲಿ ಮಿಷಿಗನ್‌ನ ಟ್ರಾವರ್ಸ್ ಸಿಟಿಯ ಹೈಯರ್ ಗ್ರೌಂಡ್ಸ್ ಈ ಸಂಘದ ಕಾಫಿಯೊಂದಿಗೇ ತನ್ನ ವ್ಯಾಪಾರ ಆರಂಭಿಸಿತು. ವಿಸ್ಕಾನ್ಸಿನ್‌ನ ಮ್ಯಾಡಿಸನ್‌ನಲ್ಲಿ 2001ರಲ್ಲಿ ಶುರುವಾದ ಜಸ್ಟ್ ಕಾಫಿ ಎಂಬ ನೌಕರರ ಸಹಕಾರ ಸಂಘ ಹುಟ್ಟಿದ್ದೂ ಚಿಯಾಪಾಸ್‌ನ ಬೆಳೆಗಾರರನ್ನು ಕಂಡುಬಂದ ಮೇಲೆ. ಮಾಯಾ ವಿನಿಕ್‌ನಂಥ ಸಂಘದಲ್ಲಿ ಎರಡೂ ಒಟ್ಟಿಗೆ ಸಿಗುತ್ತವೆ, ಸಾವಯವ ಮತ್ತು ಫೇರ್ ಟ್ರೇಡ್ ವ್ಯವಸ್ಥೆಯ ಶಿಸ್ತು ಹಾಗೂ ತಮ್ಮ ಸತ್ತವರನ್ನು ಮರೆಯದ ಸಮುದಾಯ. ಮೊದಲ ಸಲ ಕೊಳ್ಳುವವರಿಗೆ ನಾನು ಸೂಚಿಸುವುದು ಇದನ್ನೇ.

ಸಪಾಟಿಸ್ತಾ ಕಾಫಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಸರ್ಕಾರದ ಸಹಾಯಧನ ಬೇಡ, ಶಾಲೆ, ಆಸ್ಪತ್ರೆ, ನ್ಯಾಯಪಂಚಾಯಿತಿ ಎಲ್ಲವನ್ನೂ ನಾವೇ ನಡೆಸುತ್ತೇವೆ ಎಂದು ನಿರ್ಧರಿಸಿದ ಹಳ್ಳಿಗಳಿಗೆ ಕಾಫಿ ಒಂದು ಮುಖ್ಯ ಆದಾಯ. 1997ರಲ್ಲಿ ಹುಟ್ಟಿದ ಮುತ್ ವಿಟ್ಸ್ ಎಂಬ ಸಂಘದಿಂದ ಆರಂಭವಾದ ಈ ರಫ್ತು ಆ ಸಂಘ ನಿಂತುಹೋದ ಮೇಲೆ ಯಾಚಿಲ್ ಶೋಹೋಬಲ್ ಚುಲ್ಚಾನ್‌ನಂಥ ಸಂಘಗಳ ಮೂಲಕ ಮುಂದುವರಿಯಿತು. ಜರ್ಮನಿಯಲ್ಲಿ ಹ್ಯಾಂಬರ್ಗ್‌ನ ಕೆಫೆ ಲಿಬೆರ್ತಾದ್ 1999ರಿಂದ ಇದನ್ನು ಮಾರುತ್ತಿದೆ. ಯುರೋಪಿನಲ್ಲಿರುವ ಕನ್ನಡಿಗರಿಗೆ ಇದು ಸುಲಭವಾಗಿ ಸಿಗುವ ಆಯ್ಕೆ. ಇಲ್ಲಿ ಭರವಸೆಗೆ ಆಧಾರ ಮುದ್ರೆಯಲ್ಲ, ವರ್ಷಗಟ್ಟಲೆ ನಡೆದುಬಂದ ಒಡನಾಟ. ಒಂದು ಮಾತು ಸ್ಪಷ್ಟವಿರಲಿ: ಇದನ್ನು ಕೊಳ್ಳುವುದೆಂದರೆ ಒಂದು ರಾಜಕೀಯ ಚಳವಳಿಯ ಜೊತೆ ನಿಲ್ಲುವುದು. ಅದು ಒಪ್ಪಿಗೆಯಾದವರು ಕೊಳ್ಳಲಿ. ಬಡ ರೈತರಿಗೆ ಒಳ್ಳೆಯ ಬೆಲೆ ಸಿಕ್ಕರೆ ಸಾಕು ಎನ್ನುವವರಿಗೆ ಎಸ್‌ಪಿಪಿ ಹೆಚ್ಚು ಹೊಂದುತ್ತದೆ. 2023ರ ಕೊನೆಯಲ್ಲಿ ಸಪಾಟಿಸ್ತಾಗಳು ಇಪ್ಪತ್ತು ವರ್ಷಗಳ ತಮ್ಮ ಆಡಳಿತ ಸಮಿತಿಗಳನ್ನು ವಿಸರ್ಜಿಸಿ ಹಳ್ಳಿ ಮಟ್ಟದ ಹೊಸ ವ್ಯವಸ್ಥೆಗೆ ತಿರುಗಿದ್ದರಿಂದ, ಹಳೆಯ ಪೊಟ್ಟಣದ ಮೇಲಿನ ವಿವರಣೆ ಈಗಿನ ಸ್ಥಿತಿಗೆ ಹೊಂದದೇ ಇರಬಹುದು.

ಗ್ವಾಟೆಮಾಲಾದಲ್ಲಿ ಸಿಸಿಡಿಎ ಎಂಬ ಮಲೆನಾಡಿನ ರೈತರ ಸಮಿತಿ 1982ರಲ್ಲಿ, ಯುದ್ಧದ ಅತಿ ಕ್ರೂರ ಘಟ್ಟದಲ್ಲಿ ಹುಟ್ಟಿತು. ಕೂಲಿ, ಜಮೀನು, ಸಾಲಮನ್ನಾ ಇದರ ಹೋರಾಟ. ಇವರ ಕಾಫಿ ಕೆನಡಾದಲ್ಲಿ ಕೆಫೆ ಹುಸ್ತಿಸಿಯಾ ಎಂಬ ಹೆಸರಿನಲ್ಲಿ ಸಿಗುತ್ತದೆ. 2018ರಲ್ಲಿ ಆಲ್ತಾ ವೆರಾಪಾಸ್ ಪ್ರಾಂತ್ಯದಲ್ಲಿ ಇದರ ಸದಸ್ಯರು ಕೊಲೆಯಾದರು. ಜಮೀನಿನ ಹಕ್ಕು ಕೇಳಿದ್ದೇ ಅವರ ಅಪರಾಧವಾಗಿತ್ತು. ಕೆನಡಾದಲ್ಲಿರುವವರು ಬೇರೆ ಯೋಚನೆ ಮಾಡದೆ ಇದನ್ನು ಹುಡುಕಿ ಎನ್ನುತ್ತೇನೆ.

ಸಂಘದ ಹೆಸರು ಏಕೆ ಇಷ್ಟು ಮುಖ್ಯ?

2020ರ ಆಗಸ್ಟ್ 22ರಂದು ಚಿಯಾಪಾಸ್‌ನ ಕುಶುಲ್ಹಾ ಎಂಬಲ್ಲಿ ಸಪಾಟಿಸ್ತಾಗಳ ಗೋದಾಮುಗಳನ್ನು ಲೂಟಿ ಮಾಡಿ ಸುಟ್ಟರು. ದಾಳಿ ಮಾಡಿದವರು ಒಂದು ಕಾಫಿ ಬೆಳೆಗಾರರ ಸಂಘದ ಸದಸ್ಯರೇ, ಒಕೋಸಿಂಗೊ ಪ್ರದೇಶದ ಓರ್ಕಾವೊ ಸಂಘಟನೆಯವರು. ಅವರೂ ಮಾಯಾ ಜನರೇ, ಸಣ್ಣ ಬೆಳೆಗಾರರೇ. ಜಮೀನಿನ ಜಗಳ, ಸರ್ಕಾರದ ಯೋಜನೆಗಳ ಆಮಿಷ, ಹಳೆಯ ಒಡಕು ಎಲ್ಲ ಸೇರಿ ನೆರೆಹೊರೆಯವರನ್ನೇ ಎದುರುಬದುರು ನಿಲ್ಲಿಸಿದ್ದವು. ‘ಚಿಯಾಪಾಸ್‌ನ ಮಾಯಾ ಸಣ್ಣ ಬೆಳೆಗಾರರಿಂದ’ ಎಂಬ ಒಂದು ಸಾಲು ಎರಡೂ ಕಡೆಯವರಿಗೆ ಒಪ್ಪುತ್ತದೆ. ಅದಕ್ಕೇ ಆ ಸಾಲು ಓದಿ ತೃಪ್ತರಾಗಬೇಡಿ ಎನ್ನುವುದು.

ಹೆಸರು ಸಿಕ್ಕರೆ ಪರಿಶೀಲಿಸುವ ದಾರಿಯೂ ಇದೆ. ಸಾನ್ ಕ್ರಿಸ್ತೋಬಲ್ ನಗರದಲ್ಲಿ ಬಿಷಪ್ ಸಾಮ್ವೆಲ್ ರುಯಿಸ್ 1989ರಲ್ಲಿ ಸ್ಥಾಪಿಸಿದ ಫ್ರಾಯ್ಬಾ ಮಾನವ ಹಕ್ಕು ಕೇಂದ್ರ ಸ್ಥಳಾಂತರ, ಕೊಲೆ, ಬೆದರಿಕೆಗಳನ್ನು ಊರಿನ ಹೆಸರಿನೊಂದಿಗೆ ದಾಖಲಿಸುತ್ತದೆ. ಪೊಟ್ಟಣದ ಮೇಲಿನ ತಾಲೂಕಿನ ಹೆಸರನ್ನು ಅಲ್ಲಿ ಹುಡುಕಿದರೆ ಆ ವರ್ಷ ಅಲ್ಲಿ ಏನು ನಡೆಯಿತೆಂಬುದು ತಿಳಿಯುತ್ತದೆ. 2017ರ ಕೊನೆಯಲ್ಲಿ, ಕೊಯ್ಲಿನ ಹೊತ್ತಿಗೇ, ಚಾಲ್ಚಿವಿತಾನ್ ಹಳ್ಳಿಗಳಿಂದ ಸಾವಿರಾರು ಜನ ಕಾಡುಪಾಲಾದರು. 2021ರ ಜುಲೈನಲ್ಲಿ ಲಾಸ್ ಅಬೇಹಾಸ್‌ನ ಮುಂದಾಳು ಸಿಮೋನ್ ಪೆದ್ರೊ ಪೆರೆಸ್ ಲೋಪೆಸ್ ಅವರನ್ನು ಗುಂಡಿಟ್ಟು ಕೊಂದರು. 2024ರ ಅಕ್ಟೋಬರ್‌ನಲ್ಲಿ ತ್ಸೊತ್ಸಿಲ್ ಪಾದ್ರಿ ಮಾರ್ಸೆಲೊ ಪೆರೆಸ್ ಅವರನ್ನು ಪೂಜೆ ಮುಗಿಸಿ ಹೊರಟಾಗ ಕೊಂದರು. ಗಡಿಯ ಬೆಟ್ಟಗಳಲ್ಲಿ ಮಾದಕವಸ್ತು ಗುಂಪುಗಳ ಕಾದಾಟದಿಂದಾಗಿ 2024ರ ಜುಲೈನಲ್ಲಿ ನೂರಾರು ಜನ ಗ್ವಾಟೆಮಾಲಾಕ್ಕೆ ಓಡಿಹೋಗಬೇಕಾಯಿತು. ಇಂಥ ಸುದ್ದಿ ಬಂದಾಗ ನಿಮಗೆ ಕಾಫಿ ಮಾರುವವರು ಏನು ಮಾಡಿದರು, ತಮ್ಮ ಗ್ರಾಹಕರಿಗೆ ತಿಳಿಸಿದರೇ, ಮುಂಗಡ ಹೆಚ್ಚಿಸಿದರೇ, ರಾಯಭಾರ ಕಚೇರಿಗೆ ಪತ್ರ ಬರೆದರೇ ಎಂದು ಕೇಳಿ. ಒಗ್ಗಟ್ಟಿನ ಕಾಫಿ ಮಾರುವವರು ಉತ್ತರಿಸುತ್ತಾರೆ. ಉಳಿದವರಿಗೆ ಪ್ರಶ್ನೆಯೇ ಅರ್ಥವಾಗುವುದಿಲ್ಲ.

ಹಣ ಮತ್ತು ಸಮಯ ಎರಡನ್ನೂ ಕೊಡಬಲ್ಲವರಿಗೆ ಬೇರೆ ಬಾಗಿಲುಗಳಿವೆ. ಫ್ರಾಯ್ಬಾ ಕೇಂದ್ರ ಹೊರದೇಶದ ಸ್ವಯಂಸೇವಕರನ್ನು ಬೆದರಿಕೆಯಲ್ಲಿರುವ ಹಳ್ಳಿಗಳಿಗೆ ವೀಕ್ಷಕರಾಗಿ ಕಳುಹಿಸುತ್ತದೆ. ಗ್ವಾಟೆಮಾಲಾದ ವಿಷಯದಲ್ಲಿ ಅಮೆರಿಕದ ನಿಸ್ಗುವಾ ಎಂಬ ಬೆಂಬಲ ಸಂಸ್ಥೆ 1981ರಿಂದ ಕೆಲಸ ಮಾಡುತ್ತಿದೆ. ಕಾಫಿಗೆ ಎರಡು ಡಾಲರ್ ಹೆಚ್ಚು ಕೊಡುವುದನ್ನು ಇವುಗಳಿಗೆ ಬದಲಿ ಎಂದು ಭಾವಿಸಬಾರದು.

ನಮ್ಮ ಫಿಲ್ಟರ್‌ಗೆ ಯಾವುದು ಹೊಂದುತ್ತದೆ?

ಚಿಯಾಪಾಸ್ ಕಾಫಿಯಲ್ಲಿ ಹುಳಿ ಕಡಿಮೆ, ಚಾಕೊಲೇಟ್ ಮತ್ತು ಬಾದಾಮಿಯಂಥ ಬೀಜಗಳ ಘಮ ಹೆಚ್ಚು. ಹಾಲು ಬೆರೆಸಿದರೂ ರುಚಿ ನಿಲ್ಲುತ್ತದೆ. ಗ್ವಾಟೆಮಾಲಾದ ವೆವೆತೆನಾಂಗೊ ಬೆಟ್ಟಗಳ ಕಾಫಿಯಲ್ಲಿ ಹಣ್ಣಿನ ಹುಳಿ ಎದ್ದು ಕಾಣುತ್ತದೆ, ಹಾಲಿಲ್ಲದೆ ಕುಡಿಯುವವರಿಗೆ ಅದು ಸೊಗಸು. ಡಿಕಾಕ್ಷನ್‌ಗೆ ಹದವಾಗಿಯೋ ಕಡುವಾಗಿಯೋ ಹುರಿದ ಬೀಜವನ್ನೇ ಆರಿಸಿ. ತಿಳಿಯಾಗಿ ಹುರಿದದ್ದು ಹಾಲಿನೊಂದಿಗೆ ಪೇಲವವಾಗಿ ಹುಳಿ ಹೊಡೆಯುತ್ತದೆ. ಪುಡಿ ಡ್ರಿಪ್ ಯಂತ್ರಕ್ಕಿಂತ ಸಣ್ಣಗೆ, ಎಸ್ಪ್ರೆಸೊಗಿಂತ ತುಸು ತರಿಯಾಗಿ ಇರಲಿ. ಚಿಕೋರಿ ಇಲ್ಲದ ಪುಡಿಯಲ್ಲಿ ನೀರು ಬೇಗ ಇಳಿದು ಡಿಕಾಕ್ಷನ್ ತೆಳುವಾಗುವುದರಿಂದ ಒಂದು ಚಮಚ ಹೆಚ್ಚು ಹಾಕಿ, ತಟ್ಟೆಯಿಂದ ಸ್ವಲ್ಪ ಗಟ್ಟಿಯಾಗಿ ಒತ್ತಿ. ಚಿಕೋರಿಯಿಲ್ಲದೆ ಆಗುವುದೇ ಇಲ್ಲ ಎನ್ನುವವರು ಭಾರತೀಯ ಅಂಗಡಿಯಿಂದ ಚಿಕೋರಿ ತಂದು ಹತ್ತರಲ್ಲಿ ಒಂದು ಪಾಲು ಬೆರೆಸಬಹುದು.

ಕರ್ನಾಟಕದಲ್ಲೇ ಇರುವವರಿಗೆ

ಚಿಯಾಪಾಸ್ ಕಾಫಿಯನ್ನು ಬೆಂಗಳೂರಿಗೆ ತರಿಸಿಕೊಳ್ಳುವುದು ದುಬಾರಿ, ಅಗತ್ಯವೂ ಇಲ್ಲ. ಇದೇ ಪ್ರಶ್ನೆಗಳನ್ನು ಹಿಡಿದು ನಮ್ಮ ಸುತ್ತ ನೋಡಿದರೆ ಉತ್ತರಗಳು ಇಲ್ಲೇ ಇವೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶದೊಳಗೇ ಸಮುದಾಯ ಅರಣ್ಯ ಹಕ್ಕು ಪಡೆದವರು. ಅವರು ಕಾಡಿನ ನೆರಳಲ್ಲಿ ಬೆಳೆದ ಕಾಫಿಯನ್ನು ಬೆಂಗಳೂರಿನ ಬ್ಲ್ಯಾಕ್ ಬಾಜಾ ಕೊಂಡು ಮಾರುತ್ತದೆ. ಆಂಧ್ರದ ಅರಕು ಕಣಿವೆಯ ಆದಿವಾಸಿ ಬೆಳೆಗಾರರ ಕಾಫಿಯೂ ಬೆಂಗಳೂರಿನಲ್ಲಿ ಸಿಗುತ್ತದೆ. ಯಾರ ಸಂಘ, ಯಾರ ಜಮೀನು, ಎಷ್ಟು ಬೆಲೆ ಕೊಟ್ಟಿರಿ ಎಂದು ಇವರನ್ನೂ ಅಷ್ಟೇ ಗಟ್ಟಿಯಾಗಿ ಕೇಳಿ.

ಯಾವಾಗ ಕೊಳ್ಳಬೇಕು?

ಚಿಯಾಪಾಸ್ ಮತ್ತು ಗ್ವಾಟೆಮಾಲಾದ ಎತ್ತರದ ತೋಟಗಳಲ್ಲಿ ಕೊಯ್ಲು ಮುಖ್ಯವಾಗಿ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ. ಗಿರಣಿ, ಹಡಗು ಎಲ್ಲ ದಾಟಿ ಹೊಸ ಬೆಳೆ ಅಮೆರಿಕ, ಯುರೋಪ್ ತಲುಪುವ ಹೊತ್ತಿಗೆ ಬೇಸಿಗೆ ನಡುವಿಗೆ ಬಂದಿರುತ್ತದೆ. ಜುಲೈ, ಆಗಸ್ಟ್‌ನಲ್ಲಿ ಕೊಂಡರೆ ತಾಜಾ ಬೆಳೆ ಸಿಗುತ್ತದೆ. ಹುರಿಯುವ ಅಂಗಡಿ ವಾರ್ಷಿಕ ಚಂದಾ ಕೊಡುತ್ತಿದ್ದರೆ ಅದನ್ನೇ ಆರಿಸಿ, ಹಣವನ್ನು ಶರತ್ಕಾಲದಲ್ಲೇ, ಅಂದರೆ ಕೊಯ್ಲಿಗೆ ಮುನ್ನ ಕಟ್ಟಿ. ಖಚಿತವಾದ ಗ್ರಾಹಕರ ಪಟ್ಟಿ ಕೈಯಲ್ಲಿದ್ದರೆ ಸಣ್ಣ ಅಂಗಡಿಯೂ ಸಂಘಕ್ಕೆ ಧೈರ್ಯವಾಗಿ ಮುಂಗಡ ಕಳುಹಿಸಬಲ್ಲದು, ಆ ಮುಂಗಡ ಚೆನಾಲೋದ ಗೋದಾಮಿಗೆ ತಲುಪಬೇಕಾದದ್ದು ದಲ್ಲಾಳಿಯ ಗಾಡಿ ಬರುವುದಕ್ಕಿಂತ ಮೊದಲು.